ಗೆಳೆಯನಿಗೊಂದು ಪತ್ರ: ಹೊಸ ಸ್ಕೌಟ್ ಮಾಸ್ಟರರನ್ನು ಸಿದ್ಧಗೊಳಿಸುವ ಕುರಿತು

ವಡಾಲಾ, ಮುಂಬಯಿ

ಪ್ರಿಯ ಗೆಳೆಯ,

ಪುಣೆಯ ನಮ್ಮ ಕನ್ನಡಿಗರ ಮಕ್ಕಳಿರುವ ಸ್ಕೌಟ್ ಮತ್ತು ಗೈಡ್ ದಳಗಳಿಗೆ ಹೊಸದಾಗಿ ಬರುತ್ತಿರುವ ಹಿರಿಯ ಸ್ವಯಂಸೇವಕರಿಗೆ ತರಬೇತಿ ಕೊಡುವ ಹೊಣೆಯನ್ನು ನೀನು ಒಪ್ಪಿಕೊಂಡಿರುವ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಎಷ್ಟು ಉಪನ್ಯಾಸಗಳನ್ನು ಇಡಬೇಕು, ಯಾವ ವಿಷಯಕ್ಕೆ ಯಾರನ್ನು ಕರೆಸಬೇಕು ಎಂದು ಕೇಳಿದ್ದೀಯೆ. ಆ ಪಟ್ಟಿಯನ್ನು ನಾವಿಬ್ಬರೂ ಫೋನಿನಲ್ಲಿ ಕುಳಿತು ಮಾಡಬಹುದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಸಂಗತಿಯೊಂದಿದೆ. ಅದನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಠಾಣೆ ಮತ್ತು ಡೊಂಬಿವಲಿಯ ಮಿತ್ರರೂ ಇದೇ ಪ್ರಶ್ನೆಯನ್ನು ಕೇಳುತ್ತಿರುವುದರಿಂದ ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಂಡಿದ್ದೇನೆ, ನೀನು ಬೇರೆಯಾಗಿ ಭಾವಿಸಲಾರೆ ಎಂಬ ಭರವಸೆ ನನಗಿದೆ.

ಮಕ್ಕಳ ಕೈಗೆ ಯಾವುದನ್ನು ಒಪ್ಪಿಸಿಬಿಡಬೇಕು, ಯಾವುದನ್ನು ಎಂದಿಗೂ ಒಪ್ಪಿಸಬಾರದು ಎಂಬ ವಿವೇಕವೇ ಹೊಸ ನಾಯಕನಿಗೆ ಬೇಕಾದ ಮೊದಲ ವಿದ್ಯೆ ಎಂದು ನಾನು ನಂಬಿದ್ದೇನೆ. ಗಂಟುಗಳು, ದಿಕ್ಸೂಚಿ, ಪ್ರಥಮ ಚಿಕಿತ್ಸೆ, ಧ್ವಜದ ವಿಧಿಗಳು, ಪ್ರಥಮ ಸೋಪಾನದಿಂದ ರಾಷ್ಟ್ರಪತಿ ಪುರಸ್ಕಾರದವರೆಗಿನ ಪರೀಕ್ಷೆಗಳ ವಿವರ ಇವೆಲ್ಲವೂ ಪುಸ್ತಕದಲ್ಲಿವೆ, ಮನಸ್ಸಿಟ್ಟು ಓದಿದವನಿಗೆ ಒಂದು ವರ್ಷದಲ್ಲಿ ಕೈವಶವಾಗುತ್ತವೆ. ಈ ವಿವೇಕ ಮಾತ್ರ ಓದಿ ಬರುವಂಥದಲ್ಲ; ಅದಕ್ಕಾಗಿಯೇ ನಾವು ಶಿಬಿರ ಮಾಡುತ್ತೇವೆ.

ನಮ್ಮಲ್ಲಿಗೆ ಬರುವವರು ಯಾರೆಂಬುದನ್ನು ಒಮ್ಮೆ ನೆನಪಿಸಿಕೊ. ಮುಖ್ಯೋಪಾಧ್ಯಾಯರು ಹೆಸರು ಬರೆದುಕೊಟ್ಟರೆಂದು ಬರುವ ಶಿಕ್ಷಕರು, ಮಗನೋ ಮಗಳೋ ದಳದಲ್ಲಿರುವುದರಿಂದ ಬರುವ ತಂದೆತಾಯಂದಿರು, ಬ್ಯಾಂಕಿನಿಂದ ನಿವೃತ್ತರಾದವರು, ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದು, ಈಗ ಮುಂದಿನ ಪೀಳಿಗೆಗೆ ಏನಾದರೂ ಮಾಡಬೇಕೆಂಬ ಹಂಬಲ ಹೊತ್ತ ಹಿರಿಯರು. ಒಬ್ಬೊಬ್ಬರಲ್ಲೂ ಒಂದೊಂದು ಶಕ್ತಿಯಿದೆ, ಆ ಶಕ್ತಿಯೇ ಮೊದಲ ಕೆಲವು ತಿಂಗಳು ಅಡ್ಡಿಯೂ ಆಗುತ್ತದೆ. ಶಿಕ್ಷಕರು ಗದ್ದಲ ಸಹಿಸುವುದಿಲ್ಲ. ತಾಯಂದಿರ ಕಣ್ಣು ತಮ್ಮ ಮಗುವಿನ ಮೇಲೆಯೇ ನೆಟ್ಟಿರುತ್ತದೆ. ಹತ್ತಾರು ಜನರಿಂದ ಕೆಲಸ ಮಾಡಿಸಿ ರೂಢಿಯಾದವರು ಮಕ್ಕಳು ಬಾಯಿ ತೆರೆಯುವ ಮೊದಲೇ ಅಪ್ಪಣೆ ಕೊಟ್ಟಿರುತ್ತಾರೆ. ಇವರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ‘ಮಕ್ಕಳಿಗೆ ಅವಕಾಶ ಕೊಡಿ’ ಎಂದು ಎರಡು ಗಂಟೆ ಭಾಷಣ ಮಾಡಿದರೆ ಅವರು ತಲೆಯಾಡಿಸುತ್ತಾರೆ, ಟಿಪ್ಪಣಿ ಬರೆದುಕೊಳ್ಳುತ್ತಾರೆ, ಮರುವಾರ ದಳಕ್ಕೆ ಹೋಗಿ ಹಾಗೆಯೇ ಭಾಷಣ ಮಾಡುತ್ತಾರೆ. ಕಲಿಸಿದ ರೀತಿಯೇ ಕಲಿತವರ ರೀತಿಯಾಗುತ್ತದೆ.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರಿಗೆ ಇದು ಚೆನ್ನಾಗಿ ತಿಳಿದಿತ್ತು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ನಡೆಸಿದ ಮೊದಲ ಶಿಬಿರದಲ್ಲಿ ಸಿರಿವಂತರ ಶಾಲೆಯ ಹುಡುಗರೂ ದುಡಿಯುವವರ ಮನೆಯ ಹುಡುಗರೂ ಒಟ್ಟಿಗಿದ್ದರು. ಸುಮಾರು ಇಪ್ಪತ್ತು ಮಂದಿಯ ಆ ಗುಂಪನ್ನು ಅವರು ನಾಲ್ಕು ಪುಟ್ಟ ತಂಡಗಳನ್ನಾಗಿ ಮಾಡಿ, ಪ್ರತಿ ತಂಡದ ಹೊಣೆಯನ್ನು ಅದರದೇ ನಾಯಕನಾದ ಹುಡುಗನಿಗೆ ಒಪ್ಪಿಸಿದರು. ನಾವು ಇಂದಿಗೂ ಪೆಟ್ರೋಲ್ ಪದ್ಧತಿ ಎಂದು ಕರೆಯುವುದು ಇದನ್ನೇ. ಹನ್ನೆರಡು ವರ್ಷಗಳ ತರುವಾಯ, 1919ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಹೊರವಲಯದ ಗಿಲ್ವೆಲ್ ಪಾರ್ಕಿನಲ್ಲಿ ಹಿರಿಯರಿಗಾಗಿ ಮೊದಲ ವುಡ್ ಬ್ಯಾಡ್ಜ್ ಶಿಬಿರ, ಅಂದರೆ ಸ್ಕೌಟ್ ನಾಯಕರ ತರಬೇತಿ ಶಿಬಿರ, ನಡೆದಾಗಲೂ ಪದ್ಧತಿ ಬದಲಾಗಲಿಲ್ಲ. ಬೆಳೆದ ಗಂಡಸರು ಡೇರೆಯಲ್ಲಿ ಮಲಗಿದರು, ತಂಡಗಳಲ್ಲಿ ಕೆಲಸ ಹಂಚಿಕೊಂಡರು, ಸರದಿಯ ಮೇಲೆ ನಾಯಕರಾದರು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಬೇಸಿಕ್, ಅಡ್ವಾನ್ಸ್‌ಡ್ ಮತ್ತು ಹಿಮಾಲಯ ವುಡ್ ಬ್ಯಾಡ್ಜ್ ಶಿಬಿರಗಳೂ ಇದೇ ಅಚ್ಚಿನವು. ಪಚಮಢಿಯ ರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ ಹೋಗಿಬಂದವರನ್ನು ಕೇಳಿದರೆ, ಅಲ್ಲಿ ಯಾರು ಏನು ಭಾಷಣ ಮಾಡಿದರೆಂಬುದು ಅವರಿಗೆ ನೆನಪಿರುವುದಿಲ್ಲ, ತಮ್ಮ ತಂಡದಲ್ಲಿ ಯಾರಿದ್ದರು ಎಂಬುದು ಮಾತ್ರ ಹೆಸರು ಸಮೇತ ನೆನಪಿರುತ್ತದೆ.

ಆದ್ದರಿಂದ ನಿನ್ನ ಮೊದಲ ದಿನದ ಮೊದಲ ಗಂಟೆಯಲ್ಲಿಯೇ ಬಂದವರನ್ನು ಆರರಿಂದ ಎಂಟು ಜನರ ತಂಡಗಳನ್ನಾಗಿ ಮಾಡು. ಗೆಳೆಯರು, ಸಹೋದ್ಯೋಗಿಗಳು, ಗಂಡಹೆಂಡಿರು ಒಂದೇ ತಂಡದಲ್ಲಿ ಬೇಡ. ನೀರು, ಸೌದೆ, ಅಡುಗೆ, ಶುಚಿತ್ವ ಎಲ್ಲವೂ ತಂಡದ ಪಾಲಿಗೆ ಬರಲಿ. ಗುತ್ತಿಗೆಯ ಅಡುಗೆಯವರನ್ನು ಕರೆಸುವ ಆಲೋಚನೆ ಇದೆಯೆಂದು ಬರೆದಿದ್ದೀಯೆ, ದಯವಿಟ್ಟು ಅದನ್ನು ಕೈಬಿಡು. ಮಳೆಗಾಲದ ತೇವದಲ್ಲಿ ಒಲೆ ಹೊತ್ತಿಸಲು ಹೆಣಗಾಡುವ ಮುಕ್ಕಾಲು ಗಂಟೆಯಲ್ಲಿ ಒಬ್ಬ ಸ್ವಯಂಸೇವಕನ ಸ್ವಭಾವ ನಿನಗೆ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯುವುದಿಲ್ಲ: ಬೆಂಕಿಪೊಟ್ಟಣವನ್ನು ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವವರು ಯಾರು, ಸುಮ್ಮನೆ ಹೋಗಿ ಒಣ ಕಡ್ಡಿಗಳನ್ನು ಹುಡುಕಿ ತರುವವರು ಯಾರು, ಸೋತವರ ಬಳಿ ಕುಳಿತು ಮಾತನಾಡಿಸುವವರು ಯಾರು. ಈ ಮೂರನೆಯವರನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ.

ಕಳೆದ ಶಿಬಿರದಲ್ಲಿ ಗಂಟುಗಳನ್ನು ಕಲಿಸುವ ಕೆಲಸವನ್ನು ನಾವು ತರಬೇತುದಾರರಿಗೆ ಕೊಡದೆ ಒಂದು ಗೈಡ್ ಕಂಪನಿಯ (ಗೈಡ್‌ಗಳ ದಳವನ್ನು ಹೀಗೆ ಕರೆಯುತ್ತೇವೆ) ಹುಡುಗಿಯರಿಗೆ ಒಪ್ಪಿಸಿದೆವು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರಿಗೆ ಬೌಲೈನ್ ಗಂಟನ್ನು ಹೇಳಿಕೊಡುತ್ತಿದ್ದಳು. ‘ಅಂಕಲ್, ಹಾವು ಬಿಲದಿಂದ ಹೊರಗೆ ಬರಬೇಕು, ಮರವನ್ನು ಒಂದು ಸುತ್ತು ಸುತ್ತಬೇಕು, ಬಂದ ಬಿಲದಲ್ಲೇ ಇಳಿಯಬೇಕು’ ಎಂದು ಅವಳು ಹೇಳುವಳು. ಅವರ ಹಾವು ಪ್ರತಿಸಲವೂ ಮರವನ್ನು ಎಡದಿಂದ ಸುತ್ತಿ, ಗಂಟು ಜಾರಿಹೋಗುವುದು. ಆಕೆ ಅವರ ಹಗ್ಗವನ್ನು ಒಮ್ಮೆಯೂ ಮುಟ್ಟಲಿಲ್ಲ. ತನ್ನ ಹಗ್ಗವನ್ನು ಬಿಚ್ಚಿ ಅವರ ಪಕ್ಕಕ್ಕೆ ಸರಿದು, ಅವರು ನೋಡುವ ದಿಕ್ಕಿನಿಂದಲೇ ಕಾಣುವಂತೆ ಮತ್ತೆ ನಿಧಾನವಾಗಿ ಕಟ್ಟಿದಳು. ಅವರಿಗೆ ಗಂಟು ಬಂತು. ಎದುರು ಕುಳಿತು ಕಲಿಸಿದರೆ ಎಡಬಲ ತಿರುಗುಮುರುಗಾಗುತ್ತದೆ ಎಂಬುದನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ತನ್ನ ತಂಡದ ಚಿಕ್ಕವರಿಗೆ ಕಲಿಸಿ ಕಲಿಸಿ ಅವಳೇ ಕಂಡುಕೊಂಡಿದ್ದಳು. ಸಂಜೆಯ ಅವಲೋಕನದಲ್ಲಿ ಆ ಅಧಿಕಾರಿಗಳು ಎದ್ದುನಿಂತು, ನನ್ನ ಕೈಯಿಂದ ಹಗ್ಗ ಕಸಿದುಕೊಳ್ಳದೆ ಕಾದ ಗುರು ಇವಳೊಬ್ಬಳೇ ಎಂದರು. ಅದರ ಮೇಲೆ ಬೇರೆ ವ್ಯಾಖ್ಯಾನದ ಅಗತ್ಯ ನಮಗಾರಿಗೂ ಕಾಣಲಿಲ್ಲ.

ಇನ್ನೊಂದು ಅಭ್ಯಾಸವನ್ನು ನಿನ್ನ ಶಿಬಿರದಲ್ಲಿ ತಪ್ಪದೆ ಇಡು. ತಂಡಗಳ ನಾಯಕರು ಸೇರಿ ದಳದ ವಿಷಯಗಳನ್ನು ತೀರ್ಮಾನಿಸುವ ಕೋರ್ಟ್ ಆಫ್ ಆನರ್ ಸಭೆಯೊಂದಕ್ಕೆ ಹೊಸಬರನ್ನು ಕರೆದುಕೊಂಡು ಹೋಗಿ, ಸಭೆ ಮುಗಿಯುವವರೆಗೆ ಒಂದು ಮಾತನ್ನೂ ಆಡಕೂಡದೆಂಬ ಷರತ್ತಿನ ಮೇಲೆ ಹಿಂದೆ ಕೂರಿಸು. ಸದಾ ತಡವಾಗಿ ಬರುವ ಹುಡುಗನೊಬ್ಬನ ವಿಷಯ ಚರ್ಚೆಗೆ ಬಂದಿದ್ದ ಸಭೆಯಲ್ಲಿ ನಾನೂ ಕುಳಿತಿದ್ದೆ. ನಮ್ಮ ಹೊಸ ಶಿಕ್ಷಕರು ಶಿಕ್ಷೆಯ ಹೊರತು ಬೇರೆ ದಾರಿ ತೋಚದೆ ಚಡಪಡಿಸುತ್ತಿದ್ದರು. ಮಕ್ಕಳಾದರೋ ಅವನ ಮನೆಯಲ್ಲಿ ಬೆಳಗ್ಗೆ ತಮ್ಮನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂಬುದನ್ನು ತಾವೇ ಹೊರತಂದು, ತಮ್ಮನನ್ನೂ ಕರೆತರಲಿ, ಕಬ್ ಪ್ಯಾಕಿನ (ಚಿಕ್ಕ ಹುಡುಗರ ದಳದ) ಮಕ್ಕಳೊಂದಿಗೆ ಆಡಿಕೊಂಡಿರಲಿ ಎಂದು ಇತ್ಯರ್ಥ ಮಾಡಿಬಿಟ್ಟರು. ಹಿರಿಯರು ಬಾಯಿ ಹಾಕಿದ್ದರೆ ಆ ಮಾತು ಹೊರಗೇ ಬರುತ್ತಿರಲಿಲ್ಲ.

ಇಷ್ಟನ್ನು ಮಾತ್ರ ಕಲಿಸಿ ಸ್ವಯಂಸೇವಕರನ್ನು ಕಳುಹಿಸಿದರೆ ನಾವು ದೊಡ್ಡ ಅಪಾಯಕ್ಕೆ ಬಾಗಿಲು ತೆರೆದಂತೆ. ಆಟ, ಅಡುಗೆ, ಡೇರೆ, ಕಾರ್ಯಕ್ರಮ, ತಂಡದೊಳಗಿನ ನ್ಯಾಯ ಮಕ್ಕಳ ಪಾಲಿಗೆ ಎಷ್ಟು ಹೋದರೂ ಒಳ್ಳೆಯದೇ. ಅವರ ದೇಹ ಮತ್ತು ಮನಸ್ಸಿನ ಸುರಕ್ಷೆಯಲ್ಲಿ ಒಂದು ಎಳೆಯನ್ನೂ ಹಿರಿಯರು ಅವರ ಮೇಲೆ ಹೊರಿಸಬಾರದು. ‘ಪೆಟ್ರೋಲ್ ಲೀಡರ್ ನೋಡಿಕೊಳ್ಳುತ್ತಾನೆ’ ಎಂಬ ಮಾತು ನೀರಿನ ಬಳಿ, ರೈಲಿನ ಬಳಿ, ರಾತ್ರಿಯ ಡೇರೆಯ ಬಳಿ ಕೇಳಿಬಂದರೆ ಆ ಸ್ವಯಂಸೇವಕನನ್ನು ಅಲ್ಲಿಯೇ ತಡೆದು ನಿಲ್ಲಿಸು.

ಮುಂಬಯಿಯಲ್ಲಿ ನಾವು ಲೋಕಲ್ ರೈಲಿನಿಂದಲೇ ಈ ಪಾಠವನ್ನು ಆರಂಭಿಸುತ್ತೇವೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ, ಕಾನ್ಹೇರಿ ಗುಹೆಗಳವರೆಗೆ ಒಂದು ದಿನದ ಚಾರಣವನ್ನು ಯೋಜಿಸಿ ತನ್ನಿ ಎಂದರೆ ಹೊಸಬರು ಗುಹೆಗಳ ಇತಿಹಾಸವನ್ನು, ಊಟದ ಪಟ್ಟಿಯನ್ನು ಸೊಗಸಾಗಿ ಬರೆದು ತರುತ್ತಾರೆ. ಹಳಿ ದುರಸ್ತಿಗಾಗಿ ರೈಲುಗಳನ್ನು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ನೋಡಿದ್ದೀರಾ, ದಾದರಿನಲ್ಲಿ ಮಧ್ಯ ರೈಲ್ವೆಯಿಂದ ಪಶ್ಚಿಮ ರೈಲ್ವೆಗೆ ದಾಟುವಾಗ ಸೇತುವೆಯ ಮೇಲೆ ಮುಂದೆ ಯಾರು, ಹಿಂದೆ ಯಾರು, ಅರ್ಧ ಮಕ್ಕಳು ಹತ್ತುವಷ್ಟರಲ್ಲಿ ರೈಲು ಹೊರಟರೆ ಕೆಳಗೆ ಉಳಿದವರ ಜೊತೆ ಹಿರಿಯರೊಬ್ಬರು ಇರುತ್ತಾರೆಯೇ, ಚಿರತೆಗಳಿರುವ ಕಾಡಿನಲ್ಲಿ ಕತ್ತಲಾಗುವ ಮೊದಲು ಹೊರಬೀಳಲು ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿರುವುದಿಲ್ಲ. ಉತ್ತರಗಳು ಬರುವವರೆಗೂ ಯೋಜನೆಯನ್ನು ಹಿಂದಿರುಗಿಸುತ್ತಲೇ ಇರಬೇಕು. ನಿಮ್ಮ ಕಡೆ ಮಳೆಗಾಲದ ಜಲಪಾತಗಳಿವೆ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಮಕ್ಕಳೂ ಸೇರಿ ಒಂದೇ ಬಂಧುವರ್ಗದ ಐವರು ಕೊಚ್ಚಿಹೋದದ್ದು ನಿನಗೆ ನೆನಪಿರಬಹುದು. ಮೇಲಿನ ಗುಡ್ಡದಲ್ಲಿ ಸುರಿದ ಮಳೆಗೆ ಕೆಳಗೆ ಕ್ಷಣಮಾತ್ರದಲ್ಲಿ ನೀರು ಏರುತ್ತದೆ, ನಿಂತಲ್ಲಿ ನಿಂತವರಿಗೆ ದಡ ಸೇರುವಷ್ಟು ಸಮಯವೂ ಸಿಗುವುದಿಲ್ಲ. ಮಳೆಗಾಲದಲ್ಲಿ ಹರಿಯುವ ನೀರಿಗೆ ಮಕ್ಕಳನ್ನು ಇಳಿಸಕೂಡದು ಎಂಬುದನ್ನು ನಾನು ಚರ್ಚೆಗೆ ಬಿಡುವುದೇ ಇಲ್ಲ, ಅಪ್ಪಣೆಯಾಗಿಯೇ ಹೇಳುತ್ತೇನೆ.

ಎರಡನೆಯ ಪಾಠ ಹೇಳಲು ಸಂಕೋಚವಾಗುವಂಥದು. ಆದರೂ ಮೊದಲ ದಿನವೇ, ಎಲ್ಲರೂ ಹಾಜರಿರುವಾಗ, ನೇರವಾದ ಮಾತಿನಲ್ಲಿ ಹೇಳು. ಯಾವ ಹಿರಿಯನೂ ಒಂದು ಮಗುವಿನೊಡನೆ ಇತರರ ಕಣ್ಣಿಗೆ ಮರೆಯಾದ ಜಾಗದಲ್ಲಿ ಒಂಟಿಯಾಗಿ ಇರಬಾರದು, ಮಕ್ಕಳ ಡೇರೆಯಲ್ಲಿ ಮಲಗಬಾರದು, ಪೋಷಕರಿಗೆ ತಿಳಿಯದಂತೆ ಮಗುವಿಗೆ ಫೋನಿನಲ್ಲಿ ಸಂದೇಶ ಕಳುಹಿಸಬಾರದು. ಹುಡುಗಿಯರಿರುವ ಶಿಬಿರದಲ್ಲಿ ಮಹಿಳಾ ನಾಯಕಿಯರು ರಾತ್ರಿಯೂ ಇರಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿದ್ದರೆ 21ನೆಯ ಕಲಮಿನಡಿ ಶಿಕ್ಷೆಯಿದೆ. ದಳದ ಮರ್ಯಾದೆ, ಸಂಘದ ಹೆಸರು, ಆತ ನಮ್ಮವನೇ ಎಂಬ ದಾಕ್ಷಿಣ್ಯ ಯಾವುದೂ ಇದಕ್ಕೆ ಅಡ್ಡ ಬರಬಾರದು. ನಮ್ಮಂಥ ಹೊರನಾಡಿನ ಸಮುದಾಯಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು, ಆದ್ದರಿಂದಲೇ ಈ ಎಚ್ಚರ ನಮಗೆ ಹೆಚ್ಚು ಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿಯೊಬ್ಬ ಸ್ವಯಂಸೇವಕನ ಫೋನಿನಲ್ಲಿಯೂ ಇರಲಿ. ಈ ಮಾತುಗಳಿಂದ ಮುನಿಸಿಕೊಂಡು ಯಾರಾದರೂ ಹೊರಟುಹೋದರೆ ಹೋಗಲಿ.

ಇತಿಹಾಸಕ್ಕೆ ಅರ್ಧ ಗಂಟೆ ಸಾಕು, ಅದರಲ್ಲಿ ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳು. ಈ ದೇಶಕ್ಕೆ ಸ್ಕೌಟಿಂಗ್ ಬಂದ ಆರಂಭದ ವರ್ಷಗಳಲ್ಲಿ ಭಾರತೀಯ ಹುಡುಗರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್, ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಮುಂತಾದವರು ನಮ್ಮ ಮಕ್ಕಳಿಗಾಗಿ ಬೇರೆ ಸಂಘಗಳನ್ನೇ ಕಟ್ಟಿದರು. 1950ರ ನವೆಂಬರ್ 7ರಂದು ದೇಶದ ಸ್ಕೌಟ್ ಸಂಘಗಳು ಒಂದಾಗಿ ಇಂದಿನ ಸಂಸ್ಥೆ ಹುಟ್ಟಿತು, ಮರುವರ್ಷ ಗೈಡ್‌ಗಳೂ ಕೂಡಿಕೊಂಡರು. ಹೊರಗಿಡಲ್ಪಟ್ಟ ಮಕ್ಕಳಿಗಾಗಿ ಬೆಳೆದ ಚಳವಳಿಯಿದು ಎಂದು ತಿಳಿದ ಸ್ವಯಂಸೇವಕ, ಬಹುಮಹಡಿ ಕಟ್ಟಡದ ಮಗುವನ್ನೂ ಚಾಳಿನ ಮಗುವನ್ನೂ ಒಂದೇ ತಂಡಕ್ಕೆ ಹಾಕಲು ಹಿಂದೆಮುಂದೆ ನೋಡುವುದಿಲ್ಲ. ಸಮವಸ್ತ್ರ ಕೊಳ್ಳಲಾಗದ ಕಾರಣಕ್ಕೆ ಮಗುವೊಂದು ದಳ ಬಿಟ್ಟುಹೋಗದಂತೆ ನೋಡಿಕೊಳ್ಳುವುದೂ ತರಬೇತಿಯ ಭಾಗವೇ.

ಶಿಬಿರ ಮುಗಿದ ಮೇಲಿನ ಆರು ತಿಂಗಳ ಬಗ್ಗೆ ನೀನು ಏನನ್ನೂ ಬರೆದಿಲ್ಲ. ಪ್ರಮಾಣಪತ್ರ, ಸ್ಕಾರ್ಫ್ ಪಡೆದು ಉತ್ಸಾಹದಿಂದ ಮನೆಗೆ ಹೋದವರು, ಮೊದಲ ಭಾನುವಾರ ಮೈದಾನದಲ್ಲಿ ಇಪ್ಪತ್ತನಾಲ್ಕು ಮಕ್ಕಳ ಎದುರು ಒಂಟಿಯಾಗಿ ನಿಂತಾಗ ಕಂಗಾಲಾಗುತ್ತಾರೆ. ಮೂರನೆಯ ಭಾನುವಾರ ಕಚೇರಿಯ ಕೆಲಸ ಬರುತ್ತದೆ, ಐದನೆಯ ಭಾನುವಾರದ ಹೊತ್ತಿಗೆ ದಳವೇ ಇರುವುದಿಲ್ಲ. ಅವರನ್ನು ಉಳಿಸಿಕೊಳ್ಳಲು ನನಗೆ ತಿಳಿದ ಉಪಾಯ ಒಂದೇ: ಪ್ರತಿಯೊಬ್ಬ ಹೊಸಬನಿಗೂ ಅನುಭವಿ ನಾಯಕರೊಬ್ಬರನ್ನು ಜೊತೆಗೂಡಿಸಿ, ಮೊದಲ ಕೆಲವು ವಾರ ಅವರ ದಳದಲ್ಲಿ ಇವರು, ನಂತರ ಇವರ ದಳದಲ್ಲಿ ಅವರು ನಿಲ್ಲುವಂತೆ ಏರ್ಪಾಡು ಮಾಡುವುದು. ಅನುಭವಿಗಳು ಸಭೆಯ ನಡುವೆ ತಿದ್ದಕೂಡದು. ಮುಗಿದ ಮೇಲೆ ಒಂದು ಚಹಾದ ನೆಪದಲ್ಲಿ ಮಾತನಾಡಲಿ. ಈ ಜೋಡಿಗಳನ್ನು ಶಿಬಿರ ಆರಂಭವಾಗುವ ಮೊದಲೇ ಗೊತ್ತುಮಾಡಿಕೊ, ಆಮೇಲೆ ಮಾಡೋಣವೆಂದು ಬಿಟ್ಟರೆ ಆಗುವುದಿಲ್ಲ.

ದಾದರಿನ ಶಿವಾಜಿ ಪಾರ್ಕಿನ ಬಳಿ ನಮ್ಮವರು ಸೇರುವ ಮುಂದಿನ ಭಾನುವಾರ ನೀನೂ ಬಾ. ನಿನ್ನ ಹೊಸಬರ ಪೈಕಿ ಇಬ್ಬರನ್ನು, ಸಾಧ್ಯವಾದರೆ ಒಬ್ಬ ತಾಯಿ ಮತ್ತು ಒಬ್ಬ ಶಿಕ್ಷಕರನ್ನು, ಜೊತೆಗೆ ಕರೆದುಕೊಂಡು ಬಾ; ಅವರು ನಮ್ಮ ಮಕ್ಕಳ ಸಭೆಯಲ್ಲಿ ಕುಳಿತು ನೋಡಲಿ, ಮಾತನಾಡಕೂಡದೆಂಬ ಷರತ್ತನ್ನು ಪುಣೆಯಲ್ಲಿಯೇ ತಿಳಿಸಿ ಕರೆತಾ. ಆ ಮಧ್ಯಾಹ್ನ ನಾವಿಬ್ಬರೂ ಕುಳಿತು ನಿನ್ನ ವೇಳಾಪಟ್ಟಿಯನ್ನು ಮುಗಿಸೋಣ. ಅಡುಗೆ ಗುತ್ತಿಗೆಯವರಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡ.

ನಿನ್ನ ಪ್ರೀತಿಯ ಗೆಳೆಯ