ಶ್ರಾವಣದಿಂದ ನಮ್ಮಲ್ಲಿ ಬೇರೆ ಒಲೆ, ಬೇರೆ ಬಾಣಲೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಶ್ರಾವಣ ಹಿಡಿದ ದಿನದಿಂದ ಬೆಳಗಾವಿ ಟಿಳಕವಾಡಿಯ ನಮ್ಮ ಏಷ್ಯನ್ ಹೋಟೆಲ್‌ನಲ್ಲಿ ಸಸ್ಯಾಹಾರಿ ಅಡುಗೆಗೆ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಸೌಟು. ಅಲ್ಲಿ ನಿಂತು ಮಾಡುವವರೂ ಬೇರೆ. ಇದಕ್ಕೆಲ್ಲ ಜಾಗ ಬೇಕಲ್ಲ? ಹಾಗಾಗಿ ಕಿಟಕಿ ಪಕ್ಕದ ನಾಲ್ಕು ಜನರ ಟೇಬಲ್ ತೆಗೆಯುತ್ತಿದ್ದೇವೆ. ಮೆನುವಿನಲ್ಲೂ ಒಂದೆರಡು ತಿನಿಸು ಹೋಗುತ್ತವೆ. ದಿಢೀರನೆ ಬಂದು ನೋಡಿ ಬೇಜಾರಾಗುವುದು ಬೇಡ ಅಂತ ಮೊದಲೇ ತಿಳಿಸುತ್ತಿದ್ದೇವೆ.

ನಮ್ಮ ಊರಲ್ಲಿ ಒಂದೇ ಟೇಬಲ್‌ಗೆ ಎಂಥೆಂಥವರು ಬಂದು ಕೂರುತ್ತಾರೆ ಅಂತ ನಿಮಗೇ ಗೊತ್ತು. ಅಪ್ಪ ಸೋಮವಾರ ತಿನ್ನಲ್ಲ, ಸೊಸೆ ಗುರುವಾರ ತಿನ್ನಲ್ಲ, ಮಗನಿಗೆ ವಾರಪೂರ್ತಿ ಚಿಕನ್ ಬೇಕು, ಅಜ್ಜಿ ಹುಟ್ಟಿದಾಗಿನಿಂದ ಮುಟ್ಟಿಲ್ಲ. ಕಾಲೇಜು ಹುಡುಗರ ಗುಂಪು ಬಂದರೆ ಅದರಲ್ಲೊಬ್ಬ ಜೈನ ಗೆಳೆಯ ಇದ್ದೇ ಇರುತ್ತಾನೆ. ಇವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಅನ್ನುವುದೇ ನಮ್ಮ ಆಸೆ.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಮೊಮ್ಮಕ್ಕಳ ಜೊತೆ ಬಂದಿದ್ದರು. ನಮ್ಮದು ತೆರೆದ ಅಡುಗೆಮನೆ ಅಲ್ವಾ, ಕೂತಲ್ಲಿಂದಲೇ ಎಲ್ಲ ಕಾಣುತ್ತೆ. ಒಲೆ ಮುಂದಿದ್ದ ಹುಡುಗ ಚಿಕನ್ ನೂಡಲ್ಸ್ ತಟ್ಟೆಗೆ ಸುರಿದ. ಬಾಣಲೆಗೆ ನೀರು ಹೊಯ್ದು ಬಿದಿರಿನ ಬ್ರಷ್‌ನಿಂದ ಗರಗರ ತಿಕ್ಕಿದ. ನೀರು ಚೆಲ್ಲಿ ಮತ್ತೆ ಉರಿ ಮೇಲಿಟ್ಟ. ಹೊಗೆ ಎದ್ದ ಮೇಲೆ ಎಣ್ಣೆ ಬಿಟ್ಟು ಅಜ್ಜಿಯ ತರಕಾರಿ ಹಾಕಿದ. ಅಜ್ಜಿ ಇದನ್ನೆಲ್ಲ ನೋಡುತ್ತಲೇ ಇದ್ದರು. "ತಮ್ಮಾ, ತೊಳದಿ ಖರೆ. ಆದ್ರ ಬಾಣಲಿ ಅದ ಅಲ್ಲೇನೋ?" ಅಂದರು. ಜಗಳಕ್ಕಲ್ಲ, ಸುಮ್ನೆ ಕೇಳಿದ್ದು. ಅವತ್ತು ಬಿಳಿ ಅನ್ನ, ಸೌತೆಕಾಯಿ ಸಲಾಡ್ ಅಷ್ಟೇ ತಿಂದು ಎದ್ದರು.

ಅಜ್ಜಿ ಕೇಳಿದ್ದು ಸರಿಯಾಗೇ ಇದೆ. ನೂಡಲ್ಸ್, ಫ್ರೈಡ್ ರೈಸ್ ಮಾಡುವ ಬಾಣಲೆ ಕಬ್ಬಿಣದ್ದು. ಅದನ್ನು ಸೋಪು ಹಾಕಿ ತಿಕ್ಕುವ ರೂಢಿ ಇಲ್ಲ. ಎಣ್ಣೆ ಕುಡಿದು, ಉರಿಗೆ ಕಾದು ಒಳಗೆ ಒಂದು ಕಪ್ಪು ಪದರ ಕೂತಿರುತ್ತೆ. ಅನ್ನ, ನೂಡಲ್ಸ್ ತಳ ಹಿಡಿಯದಂತೆ ನೋಡಿಕೊಳ್ಳುವುದು ಅದೇ ಪದರ. ಉಜ್ಜಿ ಉಜ್ಜಿ ತೆಗೆದರೆ ಬಾಣಲೆ ಕೆಲಸಕ್ಕೆ ಬರಲ್ಲ. ಅಂದಮೇಲೆ ಇನ್ನೂ ಚೆನ್ನಾಗಿ ತೊಳೆಯುತ್ತೇವೆ ಅಂತ ಮಾತು ಕೊಟ್ಟರೆ ಅರ್ಥವಿಲ್ಲ. ಇನ್ನೊಂದು ಬಾಣಲೆಯೇ ಬೇಕು. ಇನ್ನೊಂದು ಬಾಣಲೆ ಬಂದರೆ ಇನ್ನೊಂದು ಬರ್ನರ್, ಇನ್ನೊಂದು ನಲ್ಲಿ, ಇನ್ನೊಬ್ಬ ಕೈ. ಕಿಟಕಿ ಪಕ್ಕದ ಟೇಬಲ್ ಹೋದದ್ದು ಹೀಗೆ.

ಬಾಣಲೆ ಕಣ್ಣಿಗೆ ಕಾಣುತ್ತೆ, ಬಾಟಲಿಯೊಳಗೆ ಇರುವುದು ಕಾಣಲ್ಲ. ಪೂರ್ವ ಮತ್ತು ಆಗ್ನೇಯ ಏಷ್ಯಾದ ಅಡುಗೆಯಲ್ಲಿ ಸಸ್ಯಾಹಾರಿಗಳು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಥಾಯ್ ಮತ್ತು ವಿಯೆಟ್ನಾಂ ಅಡುಗೆಗೆ ಉಪ್ಪಿನ ರುಚಿ ಕೊಡುವುದು ಫಿಶ್ ಸಾಸ್. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹಾಕಿಟ್ಟು ಇಳಿಸಿದ ರಸ ಅದು. ಥಾಯ್ ಕರಿ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದಿರುತ್ತಾರೆ. ಕೊರಿಯಾದ ಕಿಮ್ಚಿ ನೋಡಲು ಬರೀ ಎಲೆಕೋಸು. ಆದರೆ ಮೂಲದ ಕ್ರಮದಲ್ಲಿ ಉಪ್ಪು ಹಾಕಿದ ಸಿಗಡಿಯೋ ಮೀನಿನ ಸಾಸೋ ಅದಕ್ಕೆ ಬೀಳುತ್ತೆ. ಹುದುಗಿಸಿದ ಸೋಯಾ ಪೇಸ್ಟ್‌ನಿಂದ ಮಾಡುವ ಜಪಾನಿನ ಮಿಸೊ ಸೂಪ್‌ನ ರೆಡಿ ಪ್ಯಾಕೆಟ್‌ಗಳಲ್ಲಿ ಒಣಮೀನಿನ ಪುಡಿ ಇರುವುದು ಮಾಮೂಲು. ಆಯ್ಸ್ಟರ್ (ಸಿಂಪಿ) ಸಾಸ್ ಅಂತೂ ಹೆಸರಲ್ಲೇ ಹೇಳುತ್ತೆ, ಆದರೂ ಅದು ಹಾಕಿದ ಬ್ರೊಕೊಲಿ "ವೆಜ್" ಅಂತ ಎಷ್ಟೋ ಕಡೆ ಟೇಬಲ್‌ಗೆ ಬರುತ್ತೆ. ಮನೆಗೆ ಸಾಸ್ ಕೊಳ್ಳುವಾಗ ಹೆಸರು ಓದಿ ಸುಮ್ಮನಾಗಬೇಡಿ. ಬಾಟಲಿ ತಿರುಗಿಸಿ ಚೌಕದೊಳಗೆ ಹಸಿರು ಚುಕ್ಕೆ ಇದೆಯೋ ಕಂದು ತ್ರಿಕೋನ ಇದೆಯೋ ನೋಡಿ.

ನಮ್ಮ ವೆಜ್ ತಿನಿಸುಗಳಿಗೆ ಇವು ಯಾವುವನ್ನೂ ಮೊದಲಿನಿಂದಲೂ ಹಾಕಿಲ್ಲ. ಇನ್ನು ಮುಂದೆ ಆ ಬಾಟಲಿಗಳು ಸಸ್ಯಾಹಾರಿ ಒಲೆಯ ಕಡೆ ಬರುವುದೇ ಇಲ್ಲ. ಹಾಗಾದರೆ ರುಚಿ ಎಲ್ಲಿಂದ? ಒಣಗಿದ ಶಿಟಾಕೆ ಅಣಬೆಯನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್‌ನಲ್ಲಿಡುತ್ತೇವೆ. ಬೆಳಿಗ್ಗೆ ಆ ಕಂದು ನೀರಿಗೆ ಕೊಂಬು ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತೇವೆ. ಕೊಂಬು ಅಂದರೆ ಒಣಗಿಸಿದ ಸಮುದ್ರದ ಪಾಚಿ. ಕುದಿ ಬರುವ ಮೊದಲೇ ಅದನ್ನು ಎತ್ತಿಬಿಡಬೇಕು, ಇಲ್ಲದಿದ್ದರೆ ಲೋಳೆ ಬಿಟ್ಟು ಕಹಿಯಾಗುತ್ತೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಎಂಬ ವಿಜ್ಞಾನಿ ಇದೇ ಕೊಂಬುವಿನ ಸಾರಿನಿಂದ ಗ್ಲುಟಮೇಟ್ ಎಂಬ ಅಂಶ ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಶಿಟಾಕೆಯಲ್ಲಿರುವ ಇನ್ನೊಂದು ಅಂಶ ಈ ರುಚಿಯನ್ನು ಮತ್ತಷ್ಟು ಏರಿಸುತ್ತೆ. ಹಾಗಾಗಿ ಎರಡೂ ಕೂಡಿದರೆ ಮೀನಿನ ನೆನಪೂ ಬರಲ್ಲ. ಇದು ನಮ್ಮ ತಲೆಯಿಂದ ಹುಟ್ಟಿದ ಉಪಾಯವಲ್ಲ. ಜಪಾನಿನ ಬೌದ್ಧ ಮಠಗಳಲ್ಲಿ ಮಾಂಸ, ಮೀನು ಇಲ್ಲದ ಅಡುಗೆ ಶತಮಾನಗಳಿಂದ ಹೀಗೇ ನಡೆದಿದೆ. ಕೊರಿಯಾದ ಮಠಗಳ ಕಿಮ್ಚಿಗೆ ಮೀನಷ್ಟೇ ಅಲ್ಲ, ಬೆಳ್ಳುಳ್ಳಿಯನ್ನೂ ಹಾಕಲ್ಲ. ನಮ್ಮ ಜೈನ ಗ್ರಾಹಕರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ!

ಜೈನ ಊಟ ಬೇಕಿದ್ದರೆ ದಯವಿಟ್ಟು ಬರುವ ಮೊದಲು ಫೋನ್ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಗಡ್ಡೆ ಬಿಟ್ಟು ಮಾಡುತ್ತೇವೆ. ಅಣಬೆಯೂ ಬೇಡ ಅನ್ನುವವರಿಗೆ ಶಿಟಾಕೆ ಸಾರು ನಡೆಯಲ್ಲ, ಅವರಿಗೆ ಸೋಯಾ ಮತ್ತು ತರಕಾರಿ ಸಾರು ಬೇರೆ ಕಾಯಿಸಬೇಕು. ಅದಕ್ಕೆ ಸಮಯ ಬೇಕು. ನೇರ ಟೇಬಲ್‌ಗೆ ಕೂತು ಕೇಳಿದರೆ ಆಗಲ್ಲ.

ಈಗ ಹೋಗುವ ತಿನಿಸುಗಳ ವಿಷಯ. ನಮ್ಮಲ್ಲಿ ದೊಡ್ಡ ಫ್ರೈಯರ್ ಇರುವುದು ಒಂದೇ. ಅದು ಇನ್ನು ತರಕಾರಿಗೆ ಮಾತ್ರ. ಹಾಗಾಗಿ ಸಿಗಡಿ ಟೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಸಿಗಡಿ, ಇರಲ್ಲ. ತುಂಬಾ ಜನರಿಗೆ ಅದು ಇಷ್ಟ ಅಂತ ಗೊತ್ತು, ನಮಗೂ ಇಷ್ಟವೇ. ಚಿಕನ್ ಕರಾಗೆ (ಜಪಾನಿ ಶೈಲಿಯಲ್ಲಿ ಕರಿದ ಚಿಕನ್) ಇರುತ್ತೆ, ಆದರೆ ಸಣ್ಣ ಕಡಾಯಿಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಬೇಕಾಗಿರುವುದರಿಂದ ಸಂಜೆ ಮಾತ್ರ, ಅದೂ ತಡವಾಗುತ್ತೆ. ಮೊಟ್ಟೆ ಫ್ರೈಡ್ ರೈಸ್ ಚಿಕನ್ ಒಲೆ ಕಡೆ ಹೋಗುತ್ತೆ. ವೆಜ್ ನೂಡಲ್ಸ್‌ಗೆ ಮೊಟ್ಟೆ ಹಾಕದ ಎಳೆಯನ್ನೇ ತರಿಸುತ್ತೇವೆ.

ತರಕಾರಿ ಟೆಂಪುರಾಗೆ ಮಾತ್ರ ಈಗ ಸುಗ್ಗಿ. ಬೆಳಗಾವಿ ಸುತ್ತಲಿನ ಹೊಲಗಳ ಗೆಣಸು ಬಂದ ಕೂಡಲೇ ಮೆನುವಿಗೆ ಸೇರಿಸುತ್ತೇವೆ. ಗೆಣಸಾ ಅಂತ ಮುಖ ಮುರಿಯಬೇಡಿ, ಜಪಾನಿನಲ್ಲೂ ಗೆಣಸಿನ ಟೆಂಪುರಾ ಮನೆಮಾತು. ಹಾಗೆ ನೋಡಿದರೆ ಹಿಟ್ಟಿನಲ್ಲಿ ಅದ್ದಿ ಕರಿಯುವ ಈ ಕ್ರಮ ಜಪಾನಿಗೆ ಹೋದದ್ದು 16ನೇ ಶತಮಾನದ ಪೋರ್ಚುಗೀಸರಿಂದ. ಗೋವಾಕ್ಕೆ ಬಂದಿಳಿದ ಅದೇ ಪೋರ್ಚುಗೀಸರೇ ನಮಗೆ ಮೆಣಸಿನಕಾಯಿ ತಂದುಕೊಟ್ಟವರು. ಯಾರ ಅಡುಗೆ ಯಾರದ್ದು ಅಂತ ಹೇಳುವುದು ಕಷ್ಟ.

ಗೋಬಿ ಮಂಚೂರಿ ಎಲ್ಲಿಗೂ ಹೋಗಲ್ಲ. "ಏಷ್ಯನ್ ಹೋಟೆಲ್‌ನಲ್ಲಿ ಇದೇನು" ಅನ್ನುವವರಿದ್ದಾರೆ. ಭಾರತವೂ ಏಷ್ಯಾದಲ್ಲೇ ಇದೆಯಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನಮ್ಮ ಗೋಬಿಯ ಕೆಂಪು ಬ್ಯಾಡಗಿ ಮೆಣಸಿನಕಾಯಿಯದ್ದು, ಬಣ್ಣ ಜಾಸ್ತಿ, ಖಾರ ಕಡಿಮೆ. ಚಿಲ್ಲಿ ಆಯಿಲ್‌ಗೂ ಅದೇ. ಮೊಮೊ ಕೂಡ ಹಾಗೇ ಇರುತ್ತೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರಿದ್ದಾರೆ, ನಮ್ಮ ಕಡೆಯವರಿಗೆ ಮೊಮೊ ಪರಕೀಯವೇನಲ್ಲ. ವೆಜ್ ಮೊಮೊಗೆ ಬೇರೆ ಬಿದಿರಿನ ಬುಟ್ಟಿ, ಬೇರೆ ಹಬೆ ಪಾತ್ರೆ.

ನೂಡಲ್ಸ್ ಮತ್ತು ಅನ್ನದ ಬೌಲ್‌ಗಳಿಗೆ 10 ರೂಪಾಯಿ ಜಾಸ್ತಿಯಾಗುತ್ತೆ. ವೆಜ್‌ನವರಿಗಾಗಿ ಮಾಡಿದ್ದು, ಅವರೇ ಕೊಡಲಿ ಅಂತ ನಮ್ಮಲ್ಲೊಬ್ಬರು ವಾದಿಸಿದರು. ಚಿಕನ್‌ನಲ್ಲಿ ಲಾಭ ಇದೆ, ಅಲ್ಲೇ ಏರಿಸೋಣ ಅಂತ ಇನ್ನೊಬ್ಬರು. ಕೊನೆಗೆ ಎಲ್ಲರಿಗೂ ಸಮ ಮಾಡಿದೆವು. ಉಳಿದ ದರಗಳಲ್ಲಿ ಬದಲಾವಣೆ ಇಲ್ಲ. ಪಾರ್ಸೆಲ್‌ನಲ್ಲೂ ವೆಜ್ ಡಬ್ಬಿಗಳು ಬೇರೆ ಚೀಲದಲ್ಲಿ ಬರುತ್ತವೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇವೆ. ಒಲೆ ಎರಡಾದರೂ ಸೂರು ಒಂದೇ. ಚಿಕನ್ ಹುರಿಯುವ ವಾಸನೆ ಹಾಲ್‌ಗೆ ಬಂದೇ ಬರುತ್ತೆ. ಮಾಂಸ ಬೇಯುವ ಜಾಗದಲ್ಲಿ ಊಟವೇ ಸೇರಲ್ಲ ಅನ್ನುವವರಿಗೆ ಈ ವ್ಯವಸ್ಥೆ ಸಾಲದು. ಶೇಂಗಾ, ಎಳ್ಳು ಎರಡೂ ಕಡೆ ಬಳಸುತ್ತೇವೆ, ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತೆ. ಅಲರ್ಜಿ ಇದ್ದವರು ಆರ್ಡರ್‌ಗೆ ಮೊದಲೇ ಹೇಳಿ.

ಟೇಬಲ್ ಕಡಿಮೆಯಾಗಿರುವುದರಿಂದ ಶುಕ್ರವಾರದಿಂದ ಭಾನುವಾರದವರೆಗೆ ಸಂಜೆ ಬರುವವರು ಮೊದಲೇ ಕಾಯ್ದಿರಿಸಿದರೆ ಒಳ್ಳೆಯದು. ಹೊಸ ಒಲೆ ಕೂರಿಸಲು ಶ್ರಾವಣಕ್ಕೆ ಮುಂಚೆ ಬರುವ ಗಟಾರಿ ಅಮಾವಾಸ್ಯೆಗೆ ಮೊದಲಿನ ಎರಡು ದಿನ ಹೋಟೆಲ್ ಮುಚ್ಚಿರುತ್ತೆ. ಅಮಾವಾಸ್ಯೆಯ ಸಂಜೆ ಸಿಗಡಿ ಟೆಂಪುರಾ ಕೊನೆಯ ಸಲ ಕರಿಯುತ್ತೇವೆ. ಪಾರ್ಸೆಲ್‌ಗೆ ಕೊಡಲ್ಲ, ಮೆತ್ತಗಾಗಿಬಿಡುತ್ತೆ. ಬಂದು ಬಿಸಿಬಿಸಿ ತಿಂದು ಹೋಗಿ.

ಇಂತಿ,
ಟಿಳಕವಾಡಿಯ ನಿಮ್ಮ ಹೋಟೆಲ್‌ನವರು