ಮಾನ್ಯ ಶಾಸಕರಿಗೊಂದು ಬಹಿರಂಗ ಪತ್ರ: ಕಪಾಟಿನ ಕೆಳಗಿನ ಆ ರಿಜಿಸ್ಟರ್ ತೆಗೆಸಿಕೊಡಿ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕ. ಅತಿಥಿಯಾಗಿ 11 ವರ್ಷವಾಯಿತು. ಇಷ್ಟು ದಿನ ಯಾವ ಅತಿಥಿಯೂ ಯಾರ ಮನೆಯಲ್ಲೂ ಉಳಿದಿರಲಿಕ್ಕಿಲ್ಲ. ಆ ದೂರು ಇನ್ನೊಂದು ಪತ್ರಕ್ಕಿರಲಿ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯನ್ನು ಕೊನೆವರೆಗೆ ಓದುವವರು ಸಿಗುವುದು ಕಷ್ಟ ಅಂತ ಅನುಭವದಿಂದ ಗೊತ್ತಾಗಿದೆ. ಕಾಲೇಜಿನ ಪತ್ರ ತಂದ ವಿದ್ಯಾರ್ಥಿಗಳಿಗೆ ಊರಿನ ಸರ್ಕಾರಿ ಕಚೇರಿಗಳ ಹಳೆಯ ದಾಖಲೆ ತೋರಿಸಬೇಕು ಅಂತ ಒಂದು ಸುತ್ತೋಲೆ ಹೊರಡುವಂತೆ ಮಾಡಿ. ವಾರಕ್ಕೆ 2 ದಿನ ಸಾಕು. ಒಂದು ಟೇಬಲ್, ಒಂದು ಕುರ್ಚಿ. ದುಡ್ಡು ಕೇಳುತ್ತಿಲ್ಲ, ಕಟ್ಟಡ ಕೇಳುತ್ತಿಲ್ಲ.

ಪ್ರತಿ ವರ್ಷ ನಮ್ಮ ಹುಡುಗರು ಸ್ಥಳೀಯ ಇತಿಹಾಸದ ಮೇಲೆ ಒಂದು ಪ್ರಾಜೆಕ್ಟ್ ಮಾಡಬೇಕು. ಏನಾಗುತ್ತದೆ ಗೊತ್ತಾ? ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಸರ್ಕಾರ ಬರೆಸಿದ ಜಿಲ್ಲಾ ಮಾಹಿತಿ ಪುಸ್ತಕ, ಅಂದರೆ 1884ರ ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. 30 ಹುಡುಗರಿದ್ದರೆ 30 ಪ್ರಾಜೆಕ್ಟೂ ಅದರ ಒಂದೇ ಪ್ಯಾರಾದಿಂದ ಶುರುವಾಗುತ್ತವೆ. ಅದೂ ಬೇಜಾರಾದರೆ ಬೈಂಡಿಂಗ್ ಅಂಗಡಿ ಇದೆ. ಅಲ್ಲಿ ಹೋದ ವರ್ಷದ ಪ್ರಾಜೆಕ್ಟ್ ಪೆನ್‌ಡ್ರೈವ್‌ನಲ್ಲಿ ಕಾಯುತ್ತಿರುತ್ತದೆ. ಹೆಸರು, ರೋಲ್ ನಂಬರ್ ಬದಲಿಸಿದರೆ ಮುಗಿಯಿತು, ಸಂಜೆಗೆ ರಟ್ಟಿನ ಮೇಲೆ ಬಂಗಾರದ ಅಕ್ಷರ. ಹುಡುಗರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಿಜವಾಗಿ ಹುಡುಕಲು ಹೊರಟವನಿಗೆ ಏನಾಯಿತು ಅಂತ ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ ಪ್ಲೇಗು ಮತ್ತು 1918ರ ಇನ್‌ಫ್ಲುಯೆಂಜಾ ಕಾಲದ ಧಾರವಾಡದ ಮೇಲೆ ಬರೆಯುತ್ತೇನೆ ಅಂದ. ನನಗೆ ಖುಷಿಯಾಯಿತು. ಉನ್ನಾವ್ ಕಡೆಯ ಠಾಕೂರರ ಮನೆತನ ಪ್ಲೇಗಿಗೆ ಹೆದರಿ ಇಲ್ಲಿಗೆ ಬಂದು ಪೇಢೆ ಮಾಡಲು ಶುರು ಮಾಡಿತು ಅಂತ ಊರೆಲ್ಲ ಹೇಳುತ್ತದೆ. ಪೇಢೆಯ ಕಥೆ ಎಲ್ಲರ ಬಾಯಲ್ಲಿದೆ. ಆ ರೋಗದಲ್ಲಿ ಯಾವ ಓಣಿಯಲ್ಲಿ ಎಷ್ಟು ಜನ ಹೋದರು ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಹುಡುಗನಿಗೆ ಬೇಕಾಗಿದ್ದು ಸಾವಿನ ರಿಜಿಸ್ಟರ್.

ಕಚೇರಿಯ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಹುಡುಗನಿಗೆ ಗೇಟೂ ತೆರೆಯುವುದಿಲ್ಲ. ಮೊದಲ ದಿನ ಪ್ರಾಚಾರ್ಯರ ಪತ್ರ ತಾ ಅಂದರು. ತಂದ. ಎರಡನೇ ದಿನ ಪತ್ರದಲ್ಲಿ ಉದ್ದೇಶ ಸ್ಪಷ್ಟವಾಗಿಲ್ಲ ಅಂದರು. ಬರೆಸಿ ತಂದ. ಮೂರನೇ ದಿನ ಸಾಹೇಬರು ಮೀಟಿಂಗಿನಲ್ಲಿದ್ದರು. ನಾಲ್ಕನೇ ದಿನವೂ ಅದೇ ಮೀಟಿಂಗ್. ಐದನೇ ದಿನ ನಾನೇ ಹೋದೆ, ಆ ದಿನದ ಕ್ಲಾಸು ಬಿಟ್ಟು. ಹತ್ತೂವರೆಗೆ ಬೆಂಚಿನ ಮೇಲೆ ಕೂತವರು ಎದ್ದಿದ್ದು ಮೂರು ಗಂಟೆಗೆ.

ರೆಕಾರ್ಡ್ ರೂಮ್ ಅಂತ ಬೋರ್ಡು ಇತ್ತು. ಒಳಗೆ ಕಾಲಿಟ್ಟರೆ ಕೆಂಪು ಬಟ್ಟೆಯ ಗಂಟುಗಳು ನೆಲದ ಮೇಲೆ ಒಂದರ ಮೇಲೊಂದು. ಗೋಡೆಯ ಕಡೆಯವು ಮಳೆಗೆ ನೆನೆದು ಒಣಗಿ ಹಪ್ಪಳದ ಹಾಗೆ ಸೆಟೆದಿದ್ದವು. ಮೂಲೆಯ ಕಬ್ಬಿಣದ ಕಪಾಟಿಗೆ ಒಂದು ಕಾಲಿರಲಿಲ್ಲ. ಅದರ ಜಾಗದಲ್ಲಿ ಎರಡು ದಪ್ಪ ಪುಸ್ತಕ ಇಟ್ಟಿದ್ದರು. ಹುಡುಗ ಬಗ್ಗಿ ಪುಸ್ತಕಗಳ ಬೆನ್ನಿನ ಧೂಳು ಒರೆಸಿದ. ಮೇಲಿನದರ ಮೇಲೆ ಮಸುಕಾದ ಶಾಯಿಯಲ್ಲಿ 1918.

"ಸರ, ಇದ ನೋಡ್ರಿ!" ಅಂತ ಕೂಗಿಯೇ ಬಿಟ್ಟ.

ಸಿಪಾಯಿ ಪಾಪ ಒಳ್ಳೆಯ ಮನುಷ್ಯ. "ಅದನ್ನ ತಗದ್ರ ಕಪಾಟ ಬೀಳ್ತೈತಿ ತಮ್ಮಾ" ಅಂದ.

ನಾವು ಮೂವರೂ ಸೇರಿ ಕಪಾಟು ಎತ್ತೋಣ ಅಂದೆ. ಸಾಹೇಬರನ್ನು ಕೇಳಬೇಕು ಅಂದ. ಸಾಹೇಬರನ್ನು ಕೇಳಿದರೆ, ಕಪಾಟು ಬೇರೆ ಶಾಖೆಗೆ ಸೇರಿದ್ದು, ಆ ಶಾಖೆಯ ಒಪ್ಪಿಗೆ ಬೇಕು ಅಂದರು. ಒಪ್ಪಿಗೆಗೆ ಅರ್ಜಿ ಕೊಟ್ಟೆವು. 2 ತಿಂಗಳ ನಂತರ ಹಿಂಬರಹ ಬಂತು: "ತಾವು ಕೋರಿರುವ ದಾಖಲೆ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಲಭ್ಯ ಹೇಗಿರುತ್ತದೆ ಸ್ವಾಮಿ, ಅದು ಡ್ಯೂಟಿಯಲ್ಲಿದೆ!

ಆಮೇಲೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಆ ಕಾಯ್ದೆಯ 8(3) ಏನು ಹೇಳುತ್ತದೆ ಅಂತ ತಮಗೆ ನಾನು ಹೇಳಿಕೊಡಬೇಕಿಲ್ಲ. 20 ವರ್ಷ ದಾಟಿದ ಕಾಗದವನ್ನು ಗುಟ್ಟು ಅನ್ನಲು ಕಾರಣಗಳು ಎಷ್ಟು ಕಮ್ಮಿ ಅಂತಲೂ ಗೊತ್ತು. ಉತ್ತರಕ್ಕೆ 30 ದಿನ ಅಂತಲೂ ಗೊತ್ತು. ನನ್ನ ಅರ್ಜಿ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಒಬ್ಬರು ಫೋನ್ ಮಾಡಿ, "ಆ ಕಾಲದ್ದೆಲ್ಲ ಮುಂಬೈದಾಗ ಇರಬೇಕು ನೋಡ್ರಿ" ಅಂದರು. ಮುಂಬೈದಾಗ! ಕಪಾಟಿನ ಕೆಳಗೆ ನೋಡಿ ಬಂದವನಿಗೆ! ಮನೆಯಲ್ಲಿ ನನ್ನ ಹೆಂಡತಿ ಈಗ "ಇವತ್ತು ಕಾಲೇಜಾ, ಕಪಾಟಾ?" ಅಂತ ಕೇಳುತ್ತಾಳೆ. ಮೂರು ತಿಂಗಳ ಸಂಬಳ ಬಾಕಿ ಇದ್ದಾಗ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ ಈ ಕೆಲಸಕ್ಕೆ ಓಡಾಡುವವನನ್ನು ಇನ್ನೇನು ಅನ್ನಬೇಕು ಹೇಳಿ.

ಹುಡುಗ ಕೊನೆಗೆ ವಿಷಯ ಬದಲಿಸಿ ಗೆಜೆಟಿಯರ್ ನೋಡಿ ಬರೆದ. ಒಳ್ಳೆಯ ಮಾರ್ಕ್ಸೂ ಬಂದವು. ಅದೇ ನನಗೆ ಜಾಸ್ತಿ ನೋವು.

ಇದು ಯಾವ ಊರು? 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ ಊರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಊರು. ಮುಂಬೈಯಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯವನ್ನು 1950ರಲ್ಲಿ ಕರೆಸಿಕೊಂಡ ಊರು. ಕಿತ್ತೂರಿನ ಯುದ್ಧದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಲೆಕ್ಟರ್ ಆಗಿದ್ದದ್ದು ಇಲ್ಲೇ. 1921ರ ಜುಲೈ 1ರಂದು ಹೆಂಡದಂಗಡಿ ಮುಂದೆ ಪೊಲೀಸರ ಗುಂಡಿಗೆ ಮೂವರು ಬಿದ್ದದ್ದೂ ಇಲ್ಲೇ, ಜಕಣಿ ಬಾವಿ ಹತ್ತಿರ. ಅದರ ಮೇಲೆ ಪ್ರಾಜೆಕ್ಟ್ ಮಾಡಿದ ಹುಡುಗಿ ಓಣಿಯ ಮುದುಕರನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಚೆಂದಾಗಿ ಬರೆದಳು. ಅವಳು ಕಚೇರಿಗೆ ಹೋಗಲೇ ಇಲ್ಲ. ಜಾಣೆ. ಆದರೆ ಅಜ್ಜಂದಿರು ಹೇಳಿದ್ದನ್ನು ತಾಳೆ ನೋಡಲು ಕಾಗದ ಬೇಕಲ್ವಾ?

ಇನ್ನೊಂದು ತೊಂದರೆ ಇದೆ. ನಮ್ಮ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ, ಬರುತ್ತದೆ. ನನಗೆ ಬರುವುದಿಲ್ಲ. ಓದಿ ಹೇಳುವ ಒಬ್ಬ ಹಿರಿಯರು ನನಗೆ ಪರಿಚಯ, ವಯಸ್ಸು 80 ದಾಟಿದೆ. "ಕಾಗದ ತೊಗೊಂಡ್ ಬಾರಪಾ, ಕಣ್ಣು ಇರೋತನಕ ಓದ್ತೀನಿ" ಅಂತ ಪ್ರತಿ ಸಲ ಹೇಳುತ್ತಾರೆ. ನಾನು ಪ್ರತಿ ಸಲ ಬರೀ ಕೈಯಲ್ಲಿ ಹೋಗಿ ಚಹಾ ಕುಡಿದು ಬರುತ್ತೇನೆ.

ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕಿನ ಕೆಡಿಪಿ ಸಭೆಗೆ ತಾವೇ ಅಧ್ಯಕ್ಷರು. ಎಲ್ಲ ಇಲಾಖೆಯವರೂ ಎದುರಿಗೇ ಕೂತಿರುತ್ತಾರೆ. ಐದು ನಿಮಿಷದ ಮಾತು. ಸುತ್ತೋಲೆ ಒಂದು, ವಾರಕ್ಕೆ ದಿನ 2, ಟೇಬಲ್ ಒಂದು, ಕುರ್ಚಿ ಒಂದು. ಕುರ್ಚಿ ಇಲ್ಲದಿದ್ದರೆ ಬಿಡಿ, ನಮ್ಮ ಹುಡುಗರು ನೆಲದ ಮೇಲೆ ಕೂರುತ್ತಾರೆ. ಸುತ್ತೋಲೆ ಮಾತ್ರ ಕೊಡಿಸಿ.

ಹೊಸ ಬ್ಯಾಚ್ ಮುಂದಿನ ತಿಂಗಳು ವಿಷಯ ಆರಿಸಿಕೊಳ್ಳುತ್ತದೆ. ಆ ಹಳೆಯ ಹುಡುಗ ಮೊನ್ನೆ ಸಿಕ್ಕಿದ್ದ. ಕಪಾಟಿನ ಕೆಳಗಿಡಲು ತಾನೇ ಎರಡು ಇಟ್ಟಿಗೆ ತಂದುಕೊಡುತ್ತೇನೆ ಅಂದ. ಇಟ್ಟಿಗೆ ಒಳಗೆ ತರಲು ಯಾವ ಶಾಖೆಯ ಅನುಮತಿ ಬೇಕು, ಅದನ್ನಾದರೂ ತಿಳಿಸಿ.

ಇಂತಿ ತಮ್ಮ ಮತದಾರ,
ಒಬ್ಬ ಇತಿಹಾಸದ ಮಾಸ್ತರ, ಧಾರವಾಡ