ಅನ್ಯಗ್ರಹ ಜೀವಿಗೂ ಅದರದೇ ಬದುಕಿರಲಿ

ಮಾನ್ಯರೇ,

ಟಿ.ವಿ.ಯ ವೈಜ್ಞಾನಿಕ ಧಾರಾವಾಹಿಗಳಲ್ಲಿ ಅನ್ಯಗ್ರಹ ಜೀವಿ ಎಂದರೆ ಇಂದಿಗೂ ಹೆಚ್ಚಾಗಿ ಎರಡು ಕೈ, ಎರಡು ಕಾಲಿನ ಮನುಷ್ಯನೇ. ಹಣೆಗೊಂದಿಷ್ಟು ರಬ್ಬರು ಮೆತ್ತಿದರೆ ಮುಗಿಯಿತು. ಹಿಂದೆ ಹಣದ ಅಡಚಣೆಯಿತ್ತು, ಒಪ್ಪೋಣ. ಆದರೆ ಆ ಕಾಲದಲ್ಲೇ, 1967ರಲ್ಲಿ, ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿ ಹೋರ್ಟಾ ಎಂಬ ಜೀವಿಯನ್ನು ತೋರಿಸಿತ್ತು. ಭೂಮಿಯ ಜೀವಿಗಳಲ್ಲಿರುವ ಇಂಗಾಲದ ಬದಲು, ಕಲ್ಲು ಮರಳಿನಲ್ಲಿರುವ ಧಾತುವಾದ ಸಿಲಿಕಾನ್‌ನಿಂದಾದ ಮೈ, ಬಂಡೆ ಕೊರೆದು ಸಾಗುವ ಬದುಕು. ಗಣಿ ಕಾರ್ಮಿಕರನ್ನು ಕೊಲ್ಲುವ ರಾಕ್ಷಸ ಎಂದು ಎಲ್ಲರೂ ತಿಳಿದದ್ದು, ಮೊಟ್ಟೆ ಕಾಯುತ್ತಿದ್ದ ತಾಯಿ! ಗಣಿಯವರು ಒಡೆದುಹಾಕಿದ್ದ ದುಂಡು ಕಲ್ಲುಗಳೇ ಆ ಮೊಟ್ಟೆಗಳು. ಅದು ಗೊತ್ತಾದಾಗ ನನ್ನ ಎದೆ ಝಲ್ಲೆಂದಿತ್ತು.

ನಮ್ಮ ಭೂಮಿಯ ಆಕ್ಟೋಪಸ್‌ಗೇ ಮೂರು ಹೃದಯಗಳಿವೆ. ಅದರ ನರಕೋಶಗಳಲ್ಲಿ ಹೆಚ್ಚಿನವು ಇರುವುದು ತೋಳುಗಳಲ್ಲಿ. ಹೀಗಿರುವಾಗ ಇಡೀ ಗ್ರಹಕ್ಕೆ ಒಂದೇ ಭಾಷೆ, ಒಂದೇ ಉಡುಪು, ಒಂದೇ ಸ್ವಭಾವ ಎಂದು ಬರೆಯುವುದು ಸೋಮಾರಿತನ. ಊರಿಂದೂರಿಗೆ ಮಾತಿನ ಧಾಟಿ ಬದಲಾಗುವ ನಾಡಿನಲ್ಲಿ ಬೆಳೆದ ನಮಗೆ ಅದನ್ನು ನಂಬುವುದೇ ಕಷ್ಟ. ಇವರೆಲ್ಲ ಜಗಳಗಂಟರು, ಅವರೆಲ್ಲ ಜಿಪುಣರು ಎಂದು ಒಂದು ಕುಲಕ್ಕೇ ಹಣೆಪಟ್ಟಿ ಕಟ್ಟುವುದನ್ನು ಮಕ್ಕಳು ಈ ಧಾರಾವಾಹಿಗಳಿಂದಲೂ ಕಲಿತಾರೆಂಬ ಆತಂಕ ನನ್ನದು. ವೇಷಭೂಷಣಕ್ಕೆ ಕೈಹಾಕುವ ಮೊದಲು ಆ ಜೀವಿ ಏನು ತಿನ್ನುತ್ತದೆ, ಮರಿಗಳನ್ನು ಹೇಗೆ ಸಾಕುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಬರಹಗಾರರು ಕೇಳಿಕೊಳ್ಳಲಿ.

– ಓದುಗ, ಮೈಸೂರು